ಕುದುರೆಯೊಂದಕ್ಕೆ ಇಪ್ಪತ್ತಾರು ವರಹ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಂಜೆ ಹೊತ್ತು ನಾಲ್ಕು ಜನ ಒಂದೇ ಸಾಲಿನಲ್ಲಿ ನಡೆಯುವುದು ಆಗದ ಮಾತು. ಆದರೂ ಆಗುತ್ತದೆ ಅಂತಲೇ ಇಟ್ಟುಕೊಳ್ಳಿ. ಸಾಲಿಗೆ ನಾಲ್ವರು, ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಒಂದೂವರೆ ಮೀಟರ್. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ನಡೆಸಿದ ದಂಡು ಈ ಲೆಕ್ಕದಲ್ಲಿ ಬಜಾರು ಹಾದು ಬೆಂಗಳೂರು ರಸ್ತೆ ಹಿಡಿದಿದ್ದರೆ, ಕೊನೆಯ ಸಾಲು ಇನ್ನೂ ಬಜಾರಿನ ಬಾಯಲ್ಲೇ ನಿಂತಿರುವಾಗ ಮೊದಲ ಸಾಲು ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು ಎಲ್ಲ ದಾಟಿ ತುಮಕೂರಿನ ಹತ್ತಿರ ಇರುತ್ತಿತ್ತು. ಒಟ್ಟು 215 ಕಿಲೋಮೀಟರ್. ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ಎಲ್ಲೂ ನಿಲ್ಲದೆ ನಡೆದರೂ ಬಜಾರಿನ ಅಂಗಡಿಯವರು ಎರಡು ಹಗಲು, ಎರಡು ರಾತ್ರಿ, ಮೇಲೆ ಇನ್ನೊಂದು ಬೆಳಗು ಬಾಗಿಲು ತೆರೆಯುವಂತಿರಲಿಲ್ಲ. ಇದು ಬರೀ ಕಾಲಾಳುಗಳ ಲೆಕ್ಕ. ಕುದುರೆಗಳನ್ನು ಇಮ್ಮಡಿ ಅಂತರ ಕೊಟ್ಟು ಜೋಡಿಜೋಡಿಯಾಗಿ ಬಿಟ್ಟರೆ ಇನ್ನೂ 43 ಕಿಲೋಮೀಟರ್. ಇನ್ನೂ ಹೆಚ್ಚು ಅಂತರದಲ್ಲಿ ಒಂದರ ಹಿಂದೊಂದು ಬರುವ ಆನೆಗಳಿಗೆ ಮೂರೂಕಾಲು.

2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನ ಸುಮಾರು 3,22,000. ಭದ್ರಾವತಿಯವರು ಸುಮಾರು 1,51,000. ತೊಟ್ಟಿಲ ಕೂಸಿನಿಂದ ಹಿಡಿದು ಕೋಲೂರುವ ಅಜ್ಜನವರೆಗೆ ಎರಡೂ ಊರನ್ನು ಖಾಲಿ ಮಾಡಿ ಕೈಗೆ ಕತ್ತಿ ಗುರಾಣಿ ಕೊಟ್ಟು ನಿಲ್ಲಿಸಿದರೂ ರಾಯರ ಕಾಲಾಳಿಗೆ ಇನ್ನೂ ಒಂದು ಲಕ್ಷ ಜನ ಕಡಿಮೆ ಬೀಳುತ್ತಾರೆ.

ಲೆಕ್ಕ ಬರೆದಿಟ್ಟವನು ಫೆರ್ನಾಂವ್ ನೂನಿಜ್, ಪೋರ್ಚುಗೀಸ್ ಕುದುರೆ ವ್ಯಾಪಾರಿ. ಅಚ್ಯುತರಾಯನ ಕಾಲದಲ್ಲಿ, ಸುಮಾರು 1535ರ ಹೊತ್ತಿಗೆ, ವಿಜಯನಗರದಲ್ಲಿದ್ದವನು. ಅವನ ಬರಹ ಹತ್ತೊಂಬತ್ತನೆಯ ಶತಮಾನದವರೆಗೂ ಪ್ಯಾರಿಸಿನಲ್ಲಿ ಹಸ್ತಪ್ರತಿಯಾಗಿ ಬಿದ್ದಿತ್ತು. 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದ ಮೇಲೆ ನಮಗೆ ದಕ್ಕಿತು. ಕವಿಗಳು ದಂಡನಾಯಕರ ಬಗ್ಗೆ ಬರೆದರೆ ಸಿಂಹ, ಶಾರ್ದೂಲ, ಗಂಡರ ಗಂಡ. ಕುದುರೆ ವ್ಯಾಪಾರಿ ಬರೆದರೆ ಇಂಥವನ ಹತ್ತಿರ ಇಷ್ಟು ಕಾಲಾಳು, ಇಷ್ಟು ಕುದುರೆ, ಇಷ್ಟು ಆನೆ, ವರ್ಷಕ್ಕೆ ಇಷ್ಟು ಹುಟ್ಟುವಳಿ. ದಂಡನಾಯಕರನ್ನು ತೂಗಿ ನೋಡಬೇಕೆಂದರೆ ನನಗೆ ಎರಡನೆಯವನೇ ಸಾಕು.

ರಾಯಚೂರಿಗೆ ಹೊರಟವರ ಪಟ್ಟಿಯನ್ನು ಅವನು ಮೆರವಣಿಗೆಯ ಕ್ರಮದಲ್ಲೇ ಕೊಡುತ್ತಾನೆ. ಹೆಸರುಗಳು ಪೋರ್ಚುಗೀಸ್ ಕಿವಿಗೆ ಬಿದ್ದ ಹಾಗೆ. ಮೊದಲು ಕಾವಲಿನ ಮುಖ್ಯಸ್ಥ ಕಾಮನಾಯಕ: 30,000 ಕಾಲಾಳು, 1,000 ಕುದುರೆ, 6 ಆನೆ. ಹಿಂದೆ ತ್ರಿಂಬಿಕರ: 50,000, 2,000, 20. ತಿಮ್ಮಪ್ಪನಾಯಕ: 60,000, 3,500, 30. ಅಡಪನಾಯಕ: 1,00,000, 5,000, 50. ಕೊಂಡಮರ: 1,20,000, 6,000, 60. ಕೊಮಾರ: 80,000, 2,500, 40. ರಾಜಧಾನಿಯ ಆಡಳಿತ ನೋಡುವವನ ಪರವಾಗಿ ಅವನ ಕೈಕೆಳಗಿನ ಒಬ್ಬ ದಳಪತಿ: 30,000, 1,000, 10. ಅರಸನಿಗೆ ಆಪ್ತರಾದ ಮೂವರು ನಪುಂಸಕರು: 40,000, 1,000, 15. ಅರಸನಿಗೆ ವೀಳ್ಯ ಕೊಡುವ ಹುಡುಗ: 15,000 ಕಾಲಾಳು, 200 ಕುದುರೆ, ಆನೆ ಇಲ್ಲ. ಕೊಮಾರಬೆರ್ಕ: 8,000, 400, 20. ಕೊನೆಗೆ ಅರಸನ ಸ್ವಂತ ಪಡೆ: 40,000 ಆಯ್ದ ಕಾಲಾಳು, 6,000 ಕುದುರೆ, 300 ಆನೆ. ಬಂಕಾಪುರದ ಕಡೆಯವರು ಬೇರೆ ದಾರಿಯಲ್ಲಿ ಬಂದರು, ಹತ್ತು ಹನ್ನೆರಡು ಸಾವಿರದ ಚಿಲ್ಲರೆ ನಾಯಕರು ಇನ್ನೆಷ್ಟೋ ಮಂದಿ, ಅವರ ಹೆಸರು ತನಗೆ ತಿಳಿಯದು ಎಂದು ಕೈಬಿಟ್ಟಿದ್ದಾನೆ. ಹೆಸರಿಸಿದವರನ್ನಷ್ಟೇ ಕೂಡಿದರೆ 5,73,000 ಕಾಲಾಳು, 28,600 ಕುದುರೆ, 551 ಆನೆ.

ಆನೆ ಸಾಕುವ ಕಷ್ಟ ಶಿವಮೊಗ್ಗದವರಿಗೆ ಹೇಳಿಕೊಡಬೇಕಿಲ್ಲ. ಸಕ್ರೆಬೈಲಿನ ಬಿಡಾರಕ್ಕೆ ಬೆಳಗ್ಗೆ ಹೋದವರು ಒಂದೊಂದಕ್ಕೂ ಭತ್ತ, ಹುಲ್ಲು, ಬೆಲ್ಲದ ಉಂಡೆ ಕಟ್ಟಿ ಬಾಯಿಗಿಡುವುದನ್ನು, ಹೊಳೆಯಲ್ಲಿ ಮಲಗಿಸಿ ಮೈ ಉಜ್ಜುವುದನ್ನು ನೋಡಿರುತ್ತೀರಿ. ಅಲ್ಲಿ ಇರುವುದು ಇಪ್ಪತ್ತರ ಆಚೀಚೆ. ಅಷ್ಟಕ್ಕೇ ಮಾವುತರು, ಕಾವಾಡಿಗಳು, ವೈದ್ಯರು, ಅರಣ್ಯ ಇಲಾಖೆ ಎಲ್ಲ ಬೇಕು. ಅಂಥ ಬಿಡಾರ ಇಪ್ಪತ್ತೈದನ್ನು ಒಟ್ಟಿಗೆ ಎಬ್ಬಿಸಿ ರಾಯಚೂರಿನ ಬಿಸಿಲಿಗೆ, ಅದೂ ಮೇ ತಿಂಗಳಲ್ಲಿ, ನಡೆಸಿಕೊಂಡು ಹೋದರೆ? ಆನೆಗೆ ದಿನಕ್ಕೆ 150 ಕಿಲೋ ಮೇವು ಎಂದರೂ 82 ಟನ್ನಿಗೂ ಹೆಚ್ಚು. ಮನುಷ್ಯರಿಗೆ ತಲೆಗೆ ಅರ್ಧ ಕಿಲೋ ಅಕ್ಕಿ ಎಂದರೆ 286.5 ಟನ್ನು, ಇಪ್ಪತ್ತೈದು ಕಿಲೋದ ಮೂಟೆ 11,460, ಒಂದೇ ದಿನಕ್ಕೆ. ನೀರಿಗೆಂದು ಚರ್ಮದ ಚೀಲ ಹೊತ್ತ ಹತ್ತು ಹನ್ನೆರಡು ಸಾವಿರ ಜನ ದಾರಿಯುದ್ದಕ್ಕೂ ಇದ್ದರಂತೆ. ಪ್ರತಿ ದಂಡನಾಯಕನ ಪಾಳೆಯದಲ್ಲೂ ಒಂದೊಂದು ಪೇಟೆ, ಅದರಲ್ಲಿ ಕುರಿ, ಕೋಳಿ, ಕಾಳು, ಏನು ಬೇಕಾದರೂ ಸಿಗುತ್ತಿತ್ತು ಎನ್ನುತ್ತಾನೆ ನೂನಿಜ್. ಅಂದರೆ ಗಾಂಧಿ ಬಜಾರುಗಳೇ ಹತ್ತಾರು, ದಂಡಿನ ಜೊತೆ ಕಾಲು ಹಾಕುತ್ತಿದ್ದವು.

ಇಷ್ಟು ಓದಿ ಬಾಯಿ ಬಿಟ್ಟು ಕೂರುವುದು ಸುಲಭ. ನಾನೂ ಬಹಳ ಕಾಲ ಹಾಗೇ ಕೂತಿದ್ದೆ. ಆದರೆ ಮೊತ್ತ ಬಿಟ್ಟು ಭಾಗಾಕಾರಕ್ಕೆ ಇಳಿದರೆ ಈ ಪಟ್ಟಿ ಬೇರೆಯದೇ ಸಂಗತಿ ಹೇಳುತ್ತದೆ.

ತಿಮ್ಮಪ್ಪ, ಅಡಪ, ಕೊಂಡಮರ, ಕೊಮಾರ, ಈ ನಾಲ್ವರ ಸಾಲು ಇನ್ನೊಮ್ಮೆ ನೋಡಿ. 60,000ಕ್ಕೆ 30 ಆನೆ, 1,00,000ಕ್ಕೆ 50, 1,20,000ಕ್ಕೆ 60, 80,000ಕ್ಕೆ 40. ನಾಲ್ಕರಲ್ಲೂ ಎರಡು ಸಾವಿರ ಆಳಿಗೆ ಒಂದು ಆನೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅಡಪನಿಗೂ ಕೊಂಡಮರನಿಗೂ ಇಪ್ಪತ್ತು ಆಳಿಗೆ ಒಂದು ಕುದುರೆ. ದಾರಿಯಲ್ಲಿ ಕುದುರೆ ಸಾಯುತ್ತದೆ, ಆನೆಗೆ ಮದ ಬರುತ್ತದೆ, ಆಳು ರಾತ್ರೋರಾತ್ರಿ ಊರಿಗೆ ಓಡುತ್ತಾನೆ. ನಿಜವಾದ ದಂಡನ್ನು ಎಣಿಸಿದ್ದರೆ ಅಂಕಿ ಇಷ್ಟು ನಯವಾಗಿ ಬರುವುದಿಲ್ಲ. ಇದು ದಾರಿಬದಿಯಲ್ಲಿ ನಿಂತು ಎಣಿಸಿದ ಲೆಕ್ಕವಲ್ಲ, ಅರಮನೆಯ ಕರಣಿಕರ ಕಡತದ ಲೆಕ್ಕ. ಯಾರು ಎಷ್ಟು ತರಬೇಕಿತ್ತು ಎಂಬುದು. ಅಷ್ಟು ತಂದರೇ ಎನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮುಂಚೆ ಅರಸನ ಪಾಲು ನೋಡಬೇಕು. ಕಾಲಾಳಿನಲ್ಲಿ ಅವನದು ನೂರಕ್ಕೆ ಏಳು. ಕುದುರೆಯಲ್ಲಿ ನೂರಕ್ಕೆ ಇಪ್ಪತ್ತೊಂದು. ಆನೆಯಲ್ಲಿ ನೂರಕ್ಕೆ ಐವತ್ತನಾಲ್ಕು. ಇದೇ ಆ ಪಟ್ಟಿಯ ಮರ್ಮ. ಕೊಂಡಮರನಂಥ ಒಬ್ಬನ ಕೈಗೆ ಅರಸನ ಸ್ವಂತ ಕಾಲಾಳಿನ ಮೂರು ಪಟ್ಟು ಜನ ಕೊಟ್ಟರೂ ಆನೆ ಮಾತ್ರ ಅರಸನ ಐದನೇ ಒಂದು ಭಾಗ. ಕೋಟೆಬಾಗಿಲು ಒಡೆಯುವ, ಎದುರಿನ ಕುದುರೆಗಳನ್ನು ಬೆದರಿಸುವ ಸಾಧನದಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬಿಡದೆ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಾನೆ. ಯಾವ ಇಬ್ಬರು ದಂಡನಾಯಕರು ಒಂದಾಗಿ ತಿರುಗಿಬಿದ್ದರೂ ಅರಸನ ಆನೆಯ ಮುಂದೆ ನಿಲ್ಲಲಾರರು. ಎಲ್ಲರೂ ಒಂದಾದರೂ 251. ದಂಡನಾಯಕರ ಶಕ್ತಿ ದೌರ್ಬಲ್ಯಗಳ ಬಗ್ಗೆ ಕೃಷ್ಣದೇವರಾಯನ ತೀರ್ಪು ಏನಿತ್ತೋ ಅದನ್ನು ಅವನು ಆನೆಗಳಲ್ಲಿ ಬರೆದಿದ್ದಾನೆ.

ಇನ್ನು ಆ ಮೂವರು ನಪುಂಸಕರು, ಆ ವೀಳ್ಯದ ಹುಡುಗ. ನಲವತ್ತು ಸಾವಿರ ಆಳು ಮತ್ತು ಹದಿನೈದು ಸಾವಿರ ಆಳು ಇಂಥವರ ಕೈಗೆ ಯಾಕೆ? ಮೊದಲ ಓದಿಗೆ ಅರಮನೆಯ ಮುಖಸ್ತುತಿ ರಾಜಕಾರಣ ಅನಿಸುತ್ತದೆ. ಆದರೆ ಅದಕ್ಕೆ ಹಿಂದಿನ ತಲೆಮಾರಿನಲ್ಲಿ ಸಿಂಹಾಸನಕ್ಕೆ ಗಂಡಾಂತರ ಬಂದದ್ದು ದೊಡ್ಡ ದಂಡನಾಯಕರಿಂದಲೇ. ಸಾಳುವ ನರಸಿಂಹ ದಂಡನಾಯಕನಾಗಿದ್ದು ಅರಸನಾದವನು. ಅವನ ಮಕ್ಕಳ ಹೆಸರಲ್ಲಿ ಆಳಿದ ದಂಡನಾಯಕ ತುಳುವ ನರಸನಾಯಕ, ಕೃಷ್ಣದೇವರಾಯನ ಸ್ವಂತ ತಂದೆ. ದಂಡನಾಯಕನ ಮಗನಿಗೆ ದಂಡನಾಯಕರೆಂದರೆ ಏನೆಂದು ಯಾರೂ ಕಲಿಸಬೇಕಿರಲಿಲ್ಲ. ಮಕ್ಕಳಾಗದವನಿಗೆ, ಹಿಂದೆ ಮುಂದೆ ಕುಲಬಲ ಇಲ್ಲದ ಹುಡುಗನಿಗೆ ದಂಡು ಕೊಟ್ಟರೆ ರಾಜವಂಶ ಕಟ್ಟುವ ಭಯ ಇಲ್ಲ. ತನ್ನ ಕಾವ್ಯ ಆಮುಕ್ತಮಾಲ್ಯದದ ರಾಜನೀತಿ ಭಾಗದಲ್ಲಿ ಕೋಟೆಗಳನ್ನು ಬ್ರಾಹ್ಮಣರ ಕೈಗೆ ಕೊಡಬೇಕೆಂದು ಕೃಷ್ಣದೇವರಾಯನೇ ಬರೆದದ್ದೂ ಇದೇ ಗುಮಾನಿಯ ಇನ್ನೊಂದು ಮುಖ.

ಆದರೆ ಗುಮಾನಿ ಕೊನೆಗೆ ಕಚ್ಚಿದ್ದು ಬ್ರಾಹ್ಮಣನನ್ನೇ. ಸಾಳುವ ತಿಮ್ಮರಸು ಈ ಸಾಮ್ರಾಜ್ಯ ಕಂಡ ಅತ್ಯಂತ ಸಮರ್ಥ ಮಂತ್ರಿ-ದಂಡನಾಯಕ, ಅದರಲ್ಲಿ ನನಗೆ ಅನುಮಾನವಿಲ್ಲ. ಉದಯಗಿರಿಯ ಮುಂದೆ ಒಂದೂವರೆ ವರ್ಷ ಕೂರುವ ತಾಳ್ಮೆ, 1515ರಲ್ಲಿ ಕೊಂಡವೀಡು ಹಿಡಿದ ಚಾಕಚಕ್ಯತೆ, ಹಿಡಿದದ್ದನ್ನು ಆಳಿ ತೋರಿಸುವ ಆಡಳಿತ, ಮೂರೂ ಒಬ್ಬನಲ್ಲಿ ಸಿಗುವುದು ಅಪರೂಪ. ದೊಡ್ಡ ದೊಡ್ಡ ಸಾಮಂತರು ಅರಸನ ಮುಂದೆ ನಡೆದುಕೊಂಡಂತೆ ಅವನ ಮುಂದೆ ನಡೆದುಕೊಳ್ಳುತ್ತಿದ್ದರು ಎಂದು ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿದ್ದಾನೆ. ಅವನ ದೌರ್ಬಲ್ಯವೂ ಅದೇ ವಾಕ್ಯದಲ್ಲಿದೆ. ನೂನಿಜ್ ಹೇಳುವ ಕತೆಯ ಪ್ರಕಾರ, ಸಾಯುವ ಹೊತ್ತಿನಲ್ಲಿದ್ದ ಅಣ್ಣ ವೀರನರಸಿಂಹ ತಮ್ಮ ಕೃಷ್ಣದೇವರಾಯನ ಕಣ್ಣು ಕೀಳಿಸಲು ಹೇಳಿದಾಗ ತಿಮ್ಮರಸು ಮೇಕೆಯ ಕಣ್ಣು ತಂದು ತೋರಿಸಿ ಅವನನ್ನು ಉಳಿಸಿದ. ಅದೇ ನೂನಿಜ್ ಮುಂದೆ ಹೇಳುತ್ತಾನೆ: ಆರು ವರ್ಷದ ರಾಜಕುಮಾರ ವಿಷದಿಂದ ಸತ್ತಾಗ ತಪ್ಪನ್ನು ತಿಮ್ಮರಸುವಿನ ಮನೆಯ ಮೇಲೆ ಹೊರಿಸಿ, ಬ್ರಾಹ್ಮಣನನ್ನು ಕೊಲ್ಲುವಂತಿಲ್ಲವೆಂದು ಕೃಷ್ಣದೇವರಾಯ ಅವನ ಕಣ್ಣು ಕೀಳಿಸಿದ. ಅರಸನ ಎರಡು ಕಣ್ಣು ಉಳಿಸಿದವನು ಅರಸನಿಗೆ ಎರಡು ಕಣ್ಣು ಕೊಟ್ಟ.

ರಾಯಚೂರಿನ ಪಟ್ಟಿಯಲ್ಲಿದ್ದವರು ರಣದಲ್ಲಿ ಹೇಗೆ ನಿಂತರು? ಎದುರಾಳಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಹತ್ತಿರ ನೂನಿಜ್ ಪ್ರಕಾರ 1,20,000 ಕಾಲಾಳು, 18,000 ಕುದುರೆ, 150 ಆನೆ. ಆದರೆ ಅವನ ನಂಬಿಕೆ ಇದ್ದದ್ದು ತೋಪುಗಳ ಮೇಲೆ. ರಾಯರ ಮುಂಚೂಣಿ ನುಗ್ಗಿ ಆದಿಲ್ ಶಾಹಿಯವರನ್ನು ಅವರ ಕಂದಕದವರೆಗೂ ಅಟ್ಟಿತು. ಅಲ್ಲಿ ತೋಪುಗಳೆಲ್ಲ ಒಮ್ಮೆಗೇ ಬಾಯಿಬಿಟ್ಟವು. ಒತ್ತಾಗಿ ನಿಂತ ಜನ, ಗುರಿ ಇಡುವ ಅಗತ್ಯವೇ ಇರಲಿಲ್ಲ. ಮುಂಚೂಣಿ ಬೆನ್ನು ತಿರುಗಿಸಿತು, ಶತ್ರು ಅರ್ಧ ಹರದಾರಿ ಅಟ್ಟಿಸಿಕೊಂಡು ಬಂದ. ಲಕ್ಷಗಳ ದೌರ್ಬಲ್ಯ ಇದು. ಓಡುವಾಗ ಮುಂದಿನವರು ಹಿಂದಿನವರ ಮೇಲೆ ಬೀಳುತ್ತಾರೆ. ಆಗ ಕೃಷ್ಣದೇವರಾಯ ತನ್ನ ಉಂಗುರ ಕಳಚಿ ಸೇವಕನ ಕೈಗಿತ್ತು ರಾಣಿಯರಿಗೆ ತೋರಿಸಲು ಕಳಿಸಿ, ಓಡಿಬರುವ ತನ್ನವರನ್ನೇ ಕಡಿಯಿರಿ ಎಂದು ಹೇಳಿ, ತಾನೇ ಕುದುರೆ ಏರಿ ಉಳಿದ ದಳಗಳೊಂದಿಗೆ ನುಗ್ಗಿದ. ಅಟ್ಟಿಸಿಕೊಂಡು ಬಂದು ಚೆದುರಿದ್ದ ಶತ್ರು ಆ ಪೆಟ್ಟು ತಾಳಲಿಲ್ಲ. ಸಂಜೆಗೆ ಲೆಕ್ಕ: 4,000 ಒರ್ಮುಜ್ ಕುದುರೆ, 100 ಆನೆ, 400 ದೊಡ್ಡ ತೋಪು, 900 ತೋಪಿನ ಗಾಡಿ ವಶ. ರಾಯರ ಕಡೆ ಸತ್ತವರು 16,000ಕ್ಕೂ ಹೆಚ್ಚು. ಅಂದರೆ ಅಂದಿನ ಗೆಲುವು ಯಾವ ದಂಡನಾಯಕನದೂ ಅಲ್ಲ.

ಕೋಟೆ ಬಿದ್ದ ಬಗೆ ಇನ್ನೂ ವಿಚಿತ್ರ. ಗೋಡೆಯ ಕಲ್ಲು ಕಿತ್ತು ತಂದವರಿಗೆ ದಂಡನಾಯಕರು ಕಲ್ಲಿನ ಗಾತ್ರ ನೋಡಿ 10 ಹಣದಿಂದ 50 ಹಣದವರೆಗೆ ಕೊಡುತ್ತಿದ್ದರು. ಮೇಲಿಂದ ಬಾಣ ಗುಂಡು ಸುರಿಯುತ್ತಿದ್ದರೂ ಜನ ಹಣದಾಸೆಗೆ ಗೋಡೆಗೆ ಮುಗಿಬಿದ್ದರು. ಅಷ್ಟಾದರೂ ಕೋಟೆ ಬಗ್ಗಲಿಲ್ಲ. ಆಗ ಕುದುರೆ ಮಾರಲು ಬಂದಿದ್ದ ಕ್ರಿಸ್ತೊವಾಂವ್ ದ ಫಿಗೆರೇದೊ ತನ್ನ 20 ಕೋವಿಯವರೊಂದಿಗೆ ಗೋಡೆಯ ಮೇಲೆ ತಲೆ ಎತ್ತಿದವರನ್ನು ಒಬ್ಬೊಬ್ಬರನ್ನಾಗಿ ಹೊಡೆಯತೊಡಗಿದ. ಹೊಡೆತ ತಿಂದವರಲ್ಲಿ ಕೋಟೆಯ ಅಧಿಪತಿಯೂ ಒಬ್ಬ. ಮರುದಿನ ಕೋಟೆ ಶರಣಾಯಿತು. 5,73,000 ಜನರ ಪಾಳೆಯದಲ್ಲಿ ಕೆಲಸ ಮುಗಿಸಿದ್ದು ಇಪ್ಪತ್ತು ಜನ.

ಈಗ ಬಾಕಿ ಉಳಿದ ಪ್ರಶ್ನೆ. ಅಷ್ಟು ತಂದರೇ?

ನೂನಿಜ್ ಇನ್ನೊಂದು ಪಟ್ಟಿ ಕೊಡುತ್ತಾನೆ, ಅಚ್ಯುತರಾಯನ ಕಾಲದ್ದು. ರಾಜ್ಯ ಇನ್ನೂರಕ್ಕೂ ಹೆಚ್ಚು ನಾಯಕರ ನಡುವೆ ಹಂಚಿತ್ತು. ಎಲ್ಲರ ಸೀಮೆಗಳ ಹುಟ್ಟುವಳಿ ವರ್ಷಕ್ಕೆ 120 ಲಕ್ಷ ವರಹ, ಅದರಲ್ಲಿ 60 ಲಕ್ಷ ಅರಸನಿಗೆ, ಮಹಾನವಮಿಯ ಸೆಪ್ಟೆಂಬರಿನಲ್ಲಿ ತಪ್ಪದೆ ಕಟ್ಟಬೇಕು. ಉಳಿದದ್ದರಲ್ಲಿ ಎಲ್ಲರೂ ಸೇರಿ 6 ಲಕ್ಷ ಕಾಲಾಳು, 24,000 ಕುದುರೆ ಸದಾ ಸಿದ್ಧ ಇಟ್ಟಿರಬೇಕು. ಇನ್ನೂರರಲ್ಲಿ ಹನ್ನೊಂದು ಜನರ ಖಾತೆಯನ್ನು ಅವನು ಬಿಡಿಸಿ ಕೊಡುತ್ತಾನೆ. ಈ ಹನ್ನೊಂದು ಸಾಲುಗಳಷ್ಟು ಕುತೂಹಲದ ಓದು ವಿಜಯನಗರದ ಬಗ್ಗೆ ಇನ್ನೊಂದಿಲ್ಲ ಎಂದು ನನ್ನ ಎಣಿಕೆ.

ಮೊದಲನೆಯವನು ಮಂತ್ರಿ ಸಾಳುವನಾಯಕ. ತಂಜಾವೂರು, ನಾಗಪಟ್ಟಣ ಸೇರಿ ಚೋಳಮಂಡಲ ಕರಾವಳಿಯ ಒಡೆಯ. ಹುಟ್ಟುವಳಿ 11 ಲಕ್ಷ, ಮೂರನೇ ಒಂದು ಪಾಲು ಅರಸನಿಗೆ. ಸಾಕಬೇಕಾದದ್ದು 30,000 ಕಾಲಾಳು, 3,000 ಕುದುರೆ, 30 ಆನೆ. ಆಭರಣ ಭಂಡಾರದ ನರಹರಿಯೋ ನರವರನೋ ಒಬ್ಬ, ರಾಜಧಾನಿಯ ಪಕ್ಕದ ಹೊಸ ಪಟ್ಟಣ ಅವನದು. ಹುಟ್ಟುವಳಿ 4 ಲಕ್ಷ, ಅರಸನಿಗೆ 2 ಲಕ್ಷ, ಅಂದರೆ ಅರ್ಧಕ್ಕರ್ಧ. ಬಾರಕೂರಿಗೆ ತಾಗಿದ ಸೀಮೆಯ ಬಾಜಪ್ಪನಾಯಕ, ಮೆಣಸು, ಕಬ್ಬು, ಭತ್ತದ ನಾಡು, ನಮ್ಮ ಘಟ್ಟದ ಕಡೆಯವನೇ. ಹುಟ್ಟುವಳಿ 3 ಲಕ್ಷ, ಅರಸನಿಗೆ 10,000 ಮಾತ್ರ. ಮೂವತ್ತರಲ್ಲಿ ಒಂದು ಪಾಲು. ಅರಸನ ಕಣ್ಣೆದುರು ಇದ್ದವನಿಂದ ಅರ್ಧ ಕಿತ್ತುಕೊಂಡು, ಮಳೆ ಕಾಡು ಘಟ್ಟದ ಆಚೆಗಿದ್ದವನಿಂದ ಕೊಟ್ಟಷ್ಟು ತೆಗೆದುಕೊಂಡ ಹಾಗೆ ಕಾಣುತ್ತದೆ. ಮಲೆನಾಡಿನವರ ಹತ್ತಿರ ವಸೂಲಿ ಆಗಲೂ ಕಷ್ಟವೇ ಇತ್ತೋ ಏನೋ.

ಹುಟ್ಟುವಳಿಯ ಲೆಕ್ಕದಲ್ಲಿ ಎಲ್ಲರಿಗಿಂತ ಕೆಳಗೆ ಇಬ್ಬರು ಬಡವರಿದ್ದಾರೆ. ಕೃಷ್ಣಪ್ಪನಾಯಕ: ಹುಟ್ಟುವಳಿ 20,000, ಅರಸನಿಗೆ 7,000, ಸಾಕಬೇಕಾದದ್ದು 500 ಕುದುರೆ, 700 ಕಾಲಾಳು. ಮಲ್ಲಪ್ಪನಾಯಕ: ಹುಟ್ಟುವಳಿ 15,000, ಅರಸನಿಗೆ 5,000, ಸಾಕಬೇಕಾದದ್ದು 400 ಕುದುರೆ, 6,000 ಕಾಲಾಳು. ಕಾಲಾಳಿಗೆ ಕಾಸೂ ಕೊಡದೆ ಉಳಿದದ್ದನ್ನೆಲ್ಲ ಕುದುರೆಗೇ ಸುರಿದರೆ ಸಾಳುವನಾಯಕನಿಗೆ ಕುದುರೆಯೊಂದಕ್ಕೆ ವರ್ಷಕ್ಕೆ 244 ವರಹ ಸಿಗುತ್ತದೆ. ಬಾಜಪ್ಪನಿಗೆ 362. ಕೃಷ್ಣಪ್ಪನಿಗೆ 26. ಮಲ್ಲಪ್ಪನಿಗೆ 25.

ಕುದುರೆಯ ಬೆಲೆ ಎಷ್ಟು? ಅದನ್ನೂ ನೂನಿಜ್ ಬರೆದಿದ್ದಾನೆ, ಅವನ ಕಸುಬೇ ಅದು. ಅರಸ ವರ್ಷಕ್ಕೆ ಒರ್ಮುಜಿನದೂ ನಾಡಿನದೂ ಸೇರಿ 13,000 ಕುದುರೆ ಕೊಳ್ಳುತ್ತಿದ್ದ. ಒಳ್ಳೆಯದನ್ನು ತನ್ನ ಲಾಯಕ್ಕೆ ಕಟ್ಟಿಕೊಂಡು, ನಾಡಕುದುರೆಗಳನ್ನು ಸಾವಿರ ವರಹಕ್ಕೆ ಐದರಂತೆ ನಾಯಕರಿಗೆ ಮಾರುತ್ತಿದ್ದ. ಆ ದುಡ್ಡಿನಲ್ಲೇ ಪೋರ್ಚುಗೀಸರ ಅರಬಿ ಕುದುರೆಯ ಬಾಕಿ ತೀರಿಸುತ್ತಿದ್ದ. ಭಂಡಾರದಿಂದ ಒಂದು ಕಾಸೂ ಹೊರಗೆ ಹೋಗುತ್ತಿರಲಿಲ್ಲ. ದಂಡನಾಯಕರ ಶಕ್ತಿಯನ್ನು ಅವರ ದುಡ್ಡಿನಿಂದಲೇ ಕೊಂಡು ತನ್ನ ಲಾಯಕ್ಕೆ ಸೇರಿಸಿಕೊಳ್ಳುವ ಈ ಚಾತುರ್ಯಕ್ಕೆ ತಲೆದೂಗಲೇಬೇಕು.

ಗಾಂಧಿ ಬಜಾರಿನಲ್ಲಿ ನನಗೆ ಹಳೆಯ ಪರಿಚಯದ ದಿನಸಿ ವ್ಯಾಪಾರಿಯೊಬ್ಬರಿದ್ದಾರೆ. ಇತಿಹಾಸದ ಸುದ್ದಿ ಎತ್ತದೆ ಲೆಕ್ಕವನ್ನಷ್ಟೇ ಅವರ ಮುಂದಿಟ್ಟೆ.

“ಯಜಮಾನ್ರೆ, ವರ್ಷಕ್ಕೆ ಇಪ್ಪತ್ತು ಸಾವಿರ ಹುಟ್ಟುವಳಿ. ಅದರಲ್ಲಿ ಏಳು ಸಾವಿರ ಕಟ್ಟಬೇಕು. ಉಳಿದದ್ದರಲ್ಲಿ ಐನೂರು ಕುದುರೆ, ಏಳುನೂರು ಆಳು. ಕುದುರೆ ಒಂದಕ್ಕೆ ಇನ್ನೂರು.”

ಅವರು ತೂಕದ ಚೀಟಿಯ ಹಿಂದೆ ಬರೆದುಕೊಂಡರು. “ಐನೂರು ಕುದುರೆಗೆ ಒಂದು ಲಕ್ಷ ಆಯ್ತಲ್ಲ ಮೇಷ್ಟ್ರೆ. ಕೈಯಲ್ಲಿ ಉಳಿಯೋದು ಹದಿಮೂರು. ಏಳೂವರೆ ಎಂಟು ವರ್ಷ ಹೊಟ್ಟೆಗೆ ತಿನ್ನದೆ ಇಟ್ಟರೆ ಕುದುರೆ ಬರುತ್ತೆ. ಹುರುಳಿ ಯಾರು ಹಾಕ್ತಾರೆ? ವರ್ಷಕ್ಕೆ ನೂರು ಕುದುರೆ ಸತ್ತರೂ ಬಂದ ಹುಟ್ಟುವಳಿ ಪೂರ್ತಿ ಅಲ್ಲಿಗೇ ಹೋಯ್ತು.” ಚೀಟಿ ಮಡಚಿ ನನ್ನ ಕಡೆ ತಳ್ಳಿದರು. “ಇವು ಪುಸ್ತಕದ ಕುದುರೆ. ಲಾಯದವಲ್ಲ. ಬ್ಯಾಂಕಿನವರು ಸ್ಟಾಕ್ ನೋಡೋಕೆ ಬಂದ ದಿನ ಪಕ್ಕದಂಗಡಿಯಿಂದ ಮೂಟೆ ತಂದು ಜೋಡಿಸಿದ ಹಾಗೆ, ಅಷ್ಟೇ.”

ನನಗೂ ಹಾಗೇ ಅನಿಸುತ್ತದೆ. ಈ ಮಲ್ಲಪ್ಪನಾಯಕ ಹಿಂದೆ ಕೃಷ್ಣದೇವರಾಯನ ಲಾಯದ ಮುಖ್ಯಸ್ಥನಾಗಿದ್ದವನು ಎಂಬುದು ಗಮನಿಸಬೇಕಾದ ಮಾತು. ಕುದುರೆಗೆ ಎಷ್ಟು ಖರ್ಚೆಂದು ಇಡೀ ರಾಜ್ಯದಲ್ಲಿ ಅವನಿಗಿಂತ ಚೆನ್ನಾಗಿ ತಿಳಿದವನಿರಲಿಲ್ಲ. ಅಂಥವನು 25 ವರಹದ ಖಾತೆ ಒಪ್ಪಿಕೊಂಡಿದ್ದಾನೆ ಎಂದರೆ ತಪಾಸಣೆ ಹೇಗೆ ನಡೆಯುತ್ತದೆ ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು ಅಂತಲೇ ಅರ್ಥ.

ಇದು ನಮ್ಮ ಹಂಪಿಯವರ ಕಳ್ಳತನ ಎಂದು ನಾಚಿಕೊಳ್ಳಬೇಕಿಲ್ಲ. ಎರವಲು ಕುದುರೆ ತೋರಿಸಿ ಸಂಬಳ ಎತ್ತುವುದನ್ನು ತಡೆಯಲು ದೆಹಲಿಯ ಅಲಾವುದ್ದೀನ್ ಖಿಲ್ಜಿ ಕುದುರೆಗಳಿಗೆ ಬರೆ ಹಾಕಿಸಿದ. ಅಕ್ಬರನೂ ಹಾಕಿಸಿದ. ಮೊಘಲರಲ್ಲಂತೂ ದಂಡನಾಯಕನ ಯೋಗ್ಯತೆಯೇ ಒಂದು ಸಂಖ್ಯೆ, ಐದು ಸಾವಿರದ ಮನ್ಸಬ್‌ದಾರ, ಏಳು ಸಾವಿರದ ಮನ್ಸಬ್‌ದಾರ. ಕೊನೆಗೆ ಷಹಜಹಾನ್ ಸೋತು ನಿಯಮವನ್ನೇ ಬದಲಾಯಿಸಿದ: ತನ್ನ ಜಾಗೀರು ಇರುವ ಪ್ರಾಂತದಲ್ಲೇ ಕೆಲಸವಿದ್ದರೆ ಹೇಳಿದ ಸವಾರರಲ್ಲಿ ಮೂರನೇ ಒಂದು ಭಾಗ, ಹೊರಗಿದ್ದರೆ ನಾಲ್ಕನೇ ಒಂದು, ದೂರದ ಬಲ್ಖ್‌ನ ದಂಡಯಾತ್ರೆಗೆ ಐದನೇ ಒಂದು ಭಾಗ ತಂದರೆ ಸಾಕು. ಭೂಮಿಯ ಮೇಲಿನ ಅತಿ ಶ್ರೀಮಂತ ಚಕ್ರವರ್ತಿಗಳಲ್ಲಿ ಒಬ್ಬ ತನ್ನ ದಂಡನಾಯಕರ ಮಾತನ್ನು ನೂರಕ್ಕೆ ಇಪ್ಪತ್ತರಿಂದ ಮೂವತ್ತಮೂರು ಮಾತ್ರ ನಂಬಬಹುದೆಂದು ಕಾನೂನು ಮಾಡಿದ ಹಾಗೆ. ಅದೇ ಅಳತೆಗೋಲನ್ನು ರಾಯಚೂರಿನ ದಂಡಿಗೆ ಹಿಡಿದರೆ, ಮೂರನೇ ಒಂದು ಭಾಗಕ್ಕೆ ಮೆರವಣಿಗೆಯ ತಲೆ ತುಮಕೂರಿನಿಂದ ಹಿಂದೆ ಸರಿದು ಕಡೂರಿನಿಂದ ಸ್ವಲ್ಪ ಆಚೆ ಇರುತ್ತದೆ. ಐದನೇ ಒಂದು ಭಾಗಕ್ಕೆ ತರೀಕೆರೆಯ ಹತ್ತಿರ. ಆಗಲೂ 1,14,600 ಕಾಲಾಳು. ಅದೂ ಸಣ್ಣ ದಂಡಲ್ಲ, ಆದರೆ ಮನುಷ್ಯರ ಅಳತೆಗೆ ಬಂತು.

ವಿಜಯನಗರ ಪುಸ್ತಕದ ಕುದುರೆಗಳ ಸಾಲ ತೀರಿಸಬೇಕಾಗಿ ಬಂದದ್ದು 1565ರ ಜನವರಿ 23ರಂದು, ರಕ್ಕಸ ತಂಗಡಿಯ ಯುದ್ಧದಲ್ಲಿ. ಕೃಷ್ಣೆ ಕಾಯಲು, ಆಗ ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ ಅಳಿಯ ರಾಮರಾಯ ಮೊದಲು ತಮ್ಮ ತಿರುಮಲನನ್ನು 20,000 ಕುದುರೆ, 1,00,000 ಕಾಲಾಳು, 500 ಆನೆಯೊಂದಿಗೆ ಕಳಿಸಿದನೆಂದು ಚರಿತ್ರಕಾರ ಫಿರಿಸ್ತಾ ಬರೆಯುತ್ತಾನೆ. ಹಿಂದೆಯೇ ಇನ್ನೊಬ್ಬ ತಮ್ಮ ವೆಂಕಟಾದ್ರಿ. ಕೊನೆಗೆ ತಾನು. ಮೂವರು ಸೋದರರೇ ಮೂರು ದಳಕ್ಕೂ ಹಿರಿಯರು. ನಂಬಿಕೆಯ ಪ್ರಶ್ನೆಯನ್ನು ಹೀಗೆ ಬಗೆಹರಿಸಿಕೊಂಡ ಹಾಗೆ. ಶತ್ರುಗಳಾದ ದಖ್ಖನ್ ಸುಲ್ತಾನರ ಪಾಳೆಯದಲ್ಲಿ ಚಲಪಿ ರೂಮಿ ಖಾನ್ 600 ತೋಪುಗಳನ್ನು ಮೂರು ಸಾಲಾಗಿ ನಿಲ್ಲಿಸಿದ್ದ. ಹತ್ತಿರ ಬಂದವರಿಗೆ ಗುಂಡಿನ ಬದಲು ತಾಮ್ರದ ಕಾಸಿನ ಚೀಲಗಳನ್ನು ತುಂಬಿ ಹೊಡೆದ. ಎಪ್ಪತ್ತು ಎಂಬತ್ತು ಸಾವಿರ ಜನರನ್ನು ಕೈಯಲ್ಲಿಟ್ಟುಕೊಂಡಿದ್ದ ಇಬ್ಬರು ದಳಪತಿಗಳು ನಡುವೆ ತಿರುಗಿಬಿದ್ದರೆಂದು ಎರಡು ವರ್ಷದ ಮೇಲೆ ಹಂಪಿಗೆ ಬಂದ ವೆನಿಸ್‌ನ ಸೀಸರ್ ಫ್ರೆಡರಿಕ್ ಹೇಳುತ್ತಾನೆ. ಇಷ್ಟು ದೊಡ್ಡ ಸಂಖ್ಯೆಯನ್ನು ನಾನು ನಂಬುವುದಿಲ್ಲ. ರಾಮರಾಯ ಸೆರೆಸಿಕ್ಕು ತಲೆ ಉರುಳಿದ ಮೇಲೆ ತಿರುಮಲ ರಾಜಧಾನಿಗೆ ಓಡಿಬಂದು, ಹೆಸರಿಗೆ ಅರಸನಾದ ಸದಾಶಿವರಾಯನನ್ನೂ ಭಂಡಾರವನ್ನೂ ಕಟ್ಟಿಕೊಂಡು ಪೆನುಗೊಂಡೆಯತ್ತ ಹೊರಟ. ಭಂಡಾರ ಹೊತ್ತ ಆನೆಗಳ ಸಂಖ್ಯೆಯನ್ನು ಸೀವೆಲ್ ಕೊಡುತ್ತಾನೆ: 550. ನಲವತ್ತೈದು ವರ್ಷದ ಹಿಂದೆ ರಾಯಚೂರಿಗೆ ಹೊರಟದ್ದು 551.

ನೂನಿಜ್‌ನ ಹನ್ನೊಂದು ಹೆಸರುಗಳಲ್ಲಿ ಕೆಳದಿ ಇಲ್ಲ. ಆಗ ಅದು ಎಣಿಕೆಗೆ ಬರುವಷ್ಟು ದೊಡ್ಡದಲ್ಲ. ಸಾಗರದ ಪಕ್ಕದ ಹಳ್ಳಿಯಲ್ಲಿ 1499ರಲ್ಲಿ ಚೌಡಪ್ಪನಿಂದ ಶುರುವಾದ ಮನೆತನ, ಮಗ ಸದಾಶಿವನಾಯಕನ ಕಾಲಕ್ಕೆ ರಾಮರಾಯನ ದಂಡಿನಲ್ಲಿ ಹೆಸರು ಮಾಡಿತು. ಬಿಜಾಪುರ, ಬೀದರಿನವರ ಮೇಲಿನ ಯುದ್ಧಗಳಲ್ಲಿ ಕೋಟೆ ಹಿಡಿಯುವ ಕೆಲಸಕ್ಕೆ ಇವನನ್ನೇ ಕಳಿಸುತ್ತಿದ್ದರು, ‘ಕೋಟೆಕೋಲಾಹಲ’ ಎಂಬ ಬಿರುದು ಅಲ್ಲಿಂದ ಬಂದದ್ದು. ಬಾರಕೂರು, ಮಂಗಳೂರಿನ ಆಡಳಿತವೂ ಕೈಗೆ ಬಂತು. ಸೇನಾನಿಯಾಗಿ ಅವನ ಗುಣ ಹೇಳಬೇಕೆಂದರೆ ಎರಡು: ಕೊಟ್ಟ ಕೆಲಸ ಮುಗಿಸಿದ, ಹಂಪಿಯ ಅರಮನೆಯ ಜಗಳಕ್ಕೆ ತಲೆ ಹಾಕಲಿಲ್ಲ. 1565ರ ನಂತರ ಹಂಪಿ ಹಾಳಾಯಿತು, ಕೆಳದಿ ಉಳಿಯಿತು. ಇಕ್ಕೇರಿಗೆ, ಆಮೇಲೆ ಬಿದನೂರಿಗೆ ರಾಜಧಾನಿ ಬದಲಾಯಿತೇ ಹೊರತು ಮನೆತನ ಹೋಗಲಿಲ್ಲ. ಹದಿನೇಳನೆಯ ಶತಮಾನದ ನಡುವೆ ವಿಜಯನಗರದ ಕೊನೆಯ ದೊರೆ ಮೂರನೆಯ ಶ್ರೀರಂಗರಾಯ ನೆಲೆ ಕಳೆದುಕೊಂಡು ಬಂದು ನಿಂತದ್ದು ಶಿವಪ್ಪನಾಯಕನ ಬಾಗಿಲಿಗೆ. ಅವನಿಗೆ ಬೇಲೂರಿನಲ್ಲಿ ನೆಲೆ ಮಾಡಿಕೊಟ್ಟವನು, ಅವನ ಪರವಾಗಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನು ದಂಡನಾಯಕನ ವಂಶದವನೇ.

ಶಿವಪ್ಪನಾಯಕ ಆಳಿದ್ದು 1645ರಿಂದ 1660, ಬರೀ ಹದಿನೈದು ವರ್ಷ. ಮಲೆನಾಡಿನವರು ಅವನನ್ನು ನೆನೆಯುವುದು ಗೆದ್ದ ಕೋಟೆಗಳಿಗಿಂತ ಹೆಚ್ಚಾಗಿ ಅವನ ‘ಶಿಸ್ತು’ವಿಗಾಗಿ, ಅಂದರೆ ಕಂದಾಯದ ಕಟ್ಟಳೆಗಾಗಿ. ಮೈಸೂರು ಗೆಜೆಟಿಯರ್‌ನಲ್ಲಿ ಬಿ.ಎಲ್. ರೈಸ್ ದಾಖಲಿಸಿರುವ ಪ್ರಕಾರ, ಅವನು ಪ್ರತಿ ಊರಿನಲ್ಲಿ ಒಂದೊಂದು ಬಗೆಯ ನೆಲಕ್ಕೆ ಒಂದೊಂದು ಗದ್ದೆ ಆರಿಸಿ, ಹನ್ನೆರಡು ವರ್ಷ ಒಂದೇ ಸಮನೆ ಅರಮನೆಯ ಖರ್ಚಿನಲ್ಲಿ ಬೇಸಾಯ ಮಾಡಿಸಿದ. ಬಿತ್ತಿದ ಬೀಜ, ಆದ ಖರ್ಚು, ಬೆಳೆದ ಕಾಳು, ಸಿಕ್ಕಿದ ಬೆಲೆ ಎಲ್ಲ ಬರೆಸಿದ. ಹನ್ನೆರಡು ವರ್ಷದ ಸರಾಸರಿ ತೆಗೆದು ಆಮೇಲೆ ಅರಮನೆಯ ಪಾಲು ಮೂರರಲ್ಲಿ ಒಂದು ಎಂದು ಗೊತ್ತು ಮಾಡಿದ. ಇನ್ನೂರು ನಾಯಕರ 120 ಲಕ್ಷ ವರಹವನ್ನು ಕಡತದಲ್ಲಿ ಕೂಡಿಸಿದ ಸಾಮ್ರಾಜ್ಯದ ದಂಡನಾಯಕನ ವಂಶದಲ್ಲಿ ಹುಟ್ಟಿದವನು ಗದ್ದೆಯ ಬದುವಿನ ಮೇಲೆ ನಿಂತು ಕೊಳಗ ಎಣಿಸಿದ.

ಗಾಂಧಿ ಬಜಾರಿನ ಬಾಯಲ್ಲಿ ನಿಂತಿರುವ ಪ್ರತಿಮೆ ಅವನದೇ. ತುಂಗೆಯ ದಡದಲ್ಲಿ ಅವನ ಹೆಸರಿನ ಅರಮನೆ ಈಗ ವಸ್ತುಸಂಗ್ರಹಾಲಯ, ಬಜಾರಿನಿಂದ ನಡೆದೇ ಹೋಗಬಹುದು. ಕೃಷ್ಣದೇವರಾಯನ ಪಟ್ಟಿಯ ಹಿರಿಯರಿಗೆ ಅಂಕ ಹಾಕುವವರು ಆನೆ ಕುದುರೆ ಎಣಿಸಿ ಹಾಕಲಿ. ನನ್ನ ಅಂಕಪಟ್ಟಿಯಲ್ಲಿ ಮೊದಲ ಸ್ಥಾನ ಆ ಪಟ್ಟಿಗೇ ಸೇರದ ಕೆಳದಿಯವರಿಗೆ. ರಕ್ಕಸ ತಂಗಡಿಯ ನಂತರವೂ 198 ವರ್ಷ, 1763ರಲ್ಲಿ ಹೈದರಾಲಿ ಬಿದನೂರು ಹಿಡಿಯುವವರೆಗೆ, ಅವರು ನಾಡು ಆಳಿದರು.